ಸಂತೆಯಲ್ಲಿ ಸಿಕ್ಕಿಬಿದ್ದ ಗುಪ್ತಸಂಖ್ಯೆ

ಎಲ್ಲಕ್ಕೂ ಕಾರಣ ದನದ ದಲ್ಲಾಳಿ ನಂಜುಂಡಪ್ಪನ ಹೆಗಲ ಟವೆಲು. ಅದರಡಿ ಕೈಗೆ ಕೈ ಸೇರಿಸಿ, ಬೆರಳು ಹಿಸುಕಿಯೇ ಆತ ವ್ಯಾಪಾರ ಕುದುರಿಸುತ್ತಿದ್ದ. ಪಕ್ಕದಲ್ಲೇ ನಿಂತ ಎತ್ತಿಗೂ ತನ್ನ ಬೆಲೆ ತಿಳಿಯುತ್ತಿರಲಿಲ್ಲ. ಅದನ್ನು ಕಂಡದ್ದೇ ಜುಂಜೇಶನಿಗೆ, ಆರು ವರ್ಷದಿಂದ ಕುಂಟುತ್ತಿದ್ದ ತನ್ನ ಪಿಎಚ್.ಡಿ.ಗೆ ನಾಲ್ಕು ಕಾಲು ಬಂದಂತಾಯಿತು. ಕಂಪ್ಯೂಟರ್ ಫೈಲಿನ ಬೀಗದ ಸಂಖ್ಯೆಯನ್ನು ನೆಟ್‌ವರ್ಕ್ ಕಳ್ಳರಿಗೆ ಸಿಗದಂತೆ ಟವೆಲಿನಡಿಯೇ ದಾಟಿಸಬಹುದಲ್ಲ!

೨೦೦೩ರ ಒಂದು ಸಂತೆಯ ದಿನ ಗೈಡು ತೋಂಟದಾರ್ಯರು ಪರೀಕ್ಷಿಸಲು ಖುದ್ದು ತಿಪಟೂರಿಗೆ ಬಂದು, ಲ್ಯಾಪ್‌ಟಾಪನ್ನು ಹಿಂಡಿ ಮೂಟೆಯ ಮೇಲಿಟ್ಟರು.

“ಸಂಖ್ಯೆ ಈ ನಂಜುಂಡಪ್ಪನೋರಿಗೆ ಸರಿಯಾಗಿ ಮುಟ್ಟಬೇಕು. ಸುತ್ತ ನಿಂತೋರಿಗೆ ಗೊತ್ತಾಗಬಾರದು. ಎರಡೂ ಆದ್ರೆ ಇವತ್ತೇ ನಿನ್ನ ಥೀಸಿಸ್‌ಗೆ ಸೈನ್!”

ಜುಂಜೇಶ ಫೈಲಿಗೆ ಎಂಬತ್ತೈದರ ಬೀಗ ಜಡಿದು, ಟವೆಲಿನಡಿ ಬೆರಳು ಹಿಸುಕಿದ. ನಂಜುಂಡಪ್ಪ ಹುಣಸೆಕಾಯಿ ಕಚ್ಚಿದವನಂತೆ ಮುಖ ಮಾಡಿ, ಕೈ ಕೊಡವಿ ಘೋಷಿಸಿದ: “ಎಪ್ಪತ್ತು!”

ಫೈಲು ಮಿಸುಕಲಿಲ್ಲ.

ಜುಂಜೇಶ ಅವನನ್ನು ಬೇಲಿಯ ಮರೆಗೆಳೆದ. “ಯಾಕಣ್ಣಾ, ಎಂಬತ್ತೈದು ಹಿಸುಕ್ಲಿಲ್ವಾ?”

“ನೀನ್ ಹಿಸುಕ್ದೆ ಕಣ್ಲಾ. ಅದುಕ್ಕೇ ನಾನ್ ಹದಿನೈದು ಇಳುಸ್ದೆ. ಹೇಳಿದ್ದುಕ್ಕೇ ಒಪ್ಕಂಬುಟ್ರೆ ಸಂತೇಲಿ ನನ್ ಮರ್ವಾದೆ ಏನಾಗ್ಬೇಕು?”

“ಅದು ಬೀಗದ ನಂಬ್ರ ಕಣಣ್ಣೋ!”

“ಬೀಗಾನಾರಾ ಆಗ್ಲಿ, ಬೀಗ್ರಾರಾ ಆಗ್ಲಿ, ಚೌಕಾಸಿ ಚೌಕಾಸೀನೇ.”

ಜುಂಜೇಶನ ತಲೆ ಓಡಿತು. ನೂರರಿಂದ ಶುರು ಮಾಡಿದರೆ ಈ ಆಸಾಮಿ ತಾನಾಗಿಯೇ ಎಂಬತ್ತೈದಕ್ಕೆ ಬಂದು ನಿಲ್ಲುತ್ತಾನೆ!

ಮತ್ತೆ ಟವೆಲು ಹೊದೆಸಿದರು. ಒಳಗೆ ಎರಡು ಬೆಕ್ಕು ಕಾದಾಡಿದಂತೆ ಅದು ಕುಣಿಯಿತು. ಕೊನೆಗೆ ನಂಜುಂಡಪ್ಪ ಮದುಮಗನಂತೆ ನಕ್ಕ.

“ಸದ್ಯಕ್ಕೆ ಹೇಳಬೇಡಿ,” ಎಂದು ಅವನನ್ನು ತಡೆದ ಗೈಡು ಗುಂಪಿನತ್ತ ತಿರುಗಿದರು. “ಯಾರಿಗಾದ್ರೂ ಗೊತ್ತಾಯ್ತಾ?”

“ನಲವತ್ತು!” ಅಂದ ಒಬ್ಬ. ಇನ್ನೊಬ್ಬ ಕೀಬೋರ್ಡನ್ನು ಬಗ್ಗಿ ನೋಡಿ, “ಬಾಯ್ತುಂಬ ಹಲ್ಲವೆ, ವಯಸ್ಸಾಗೈತೆ. ಮೂವತ್ತುಕ್ ಮೇಲೆ ಬ್ಯಾಡ,” ಅಂದ.

ಜುಂಜೇಶನ ಎದೆ ಉಬ್ಬಿತು.

“ಎಂಬತ್ತೈದು,” ಅಂದಳು ಟೀ ಸೋಸುತ್ತಿದ್ದ ಚಿಕ್ಕಗಂಗಮ್ಮ.

ಗೈಡು ಒತ್ತಿದರು. ಫೈಲು ಬಾಯಿ ತೆರೆಯಿತು, ಜುಂಜೇಶನದೂ.

“ನಿಮಗೆ ಹೆಂಗ್ ಗೊತ್ತಾಯ್ತಮ್ಮಾ?”

“ಇದೇನ್ ಬ್ರಮ್ಮವಿದ್ಯೇನ್ರೀ ಸ್ವಾಮಿ? ಹದಿನೈದು ಇಳುಸ್ದೆ ಈವಯ್ಯ ಕೈ ಬುಡಲ್ಲ ಅಂತ ಸಂತೆಗೇ ಗೊತ್ತು. ಆಗ್ಲೇ ಎಪ್ಪತ್ತು ಅಂತ ಕೂಗ್ದ. ಅದುಕ್ಕೆ ಹದಿನೈದು ಸೇರ್ಸಿದ್ರೆ ಬೀಗ ತಾನೇ?”

ತೋಂಟದಾರ್ಯರು ರೋಮಾಂಚನಗೊಂಡು ಪೆನ್ನು ತೆಗೆದರು. ಜುಂಜೇಶ ಆಸೆಯಿಂದ ಥೀಸಿಸ್ ಚಾಚಿದ. ಅದರ ಬೆನ್ನಿನ ಮೇಲೇ ಗೈಡು ಬರೆಯತೊಡಗಿದರು.

“ಗುಪ್ತಸಂಖ್ಯೆ ಒಡೆಯೋದಕ್ಕೆ ಎಂಥಾ ವಿಧಾನ! ಇದನ್ನ ಪೇಪರ್ ಮಾಡಲೇಬೇಕು. ಮೊದಲ ಹೆಸರು ಚಿಕ್ಕಗಂಗಮ್ಮನೋರ್ದು, ಎರಡನೇದು ನಂದು.”

“ಸಾರ್... ನಂದು?”

“ನೀನು ಟೈಪ್ ಮಾಡಪ್ಪ. ಹೆಂಗೂ ಹೊಸ ಟಾಪಿಕ್ ಸಿಗೋವರೆಗೆ ಬಿಡುವಾಗೇ ಇರ್ತೀಯಲ್ಲ.”