ರೇವಣಪ್ಪನವರು ಗ್ರಾಫಿಕ್ಸ್ ಕಾರ್ಡ್ ತೂಗಿದ್ದು

ಗ್ರಾಫಿಕ್ಸ್ ಕಾರ್ಡನ್ನು ತೂಕ ನೋಡಿ ಕೊಳ್ಳುವುದಿಲ್ಲ! ಇಷ್ಟು ತಿಳಿಯಲು ಯಾವ ಕೋರ್ಸೂ ಬೇಕಿಲ್ಲ. ಆದರೂ ನಾಶಿಕದ ಭಾಂಡಿ ಬಜಾರಿನಲ್ಲಿ ಮೂವತ್ತು ವರ್ಷ ತಾಮ್ರ-ಹಿತ್ತಾಳೆ ಪಾತ್ರೆ ಮಾರಿದ, ಬೀದರ್ ಕಡೆಯ ರೇವಣಪ್ಪನವರಿಗೆ 2013ರವರೆಗೂ ಅದು ತಿಳಿದಿರಲಿಲ್ಲ.

ಇಂಜಿನಿಯರಿಂಗ್ ಓದುವ ಮಗಳು ಪ್ರಿಯಾ ಕಂಪ್ಯೂಟರ್ ಕಾರ್ ರೇಸಿನ ಫೈನಲ್ ತಲುಪಿದ್ದಳು. ಆಗಿನ್ನೂ ಔರಂಗಾಬಾದ್ ಎನ್ನುತ್ತಿದ್ದ ಛತ್ರಪತಿ ಸಂಭಾಜಿನಗರದಲ್ಲಿ ಭಾನುವಾರ ಆಟ. ಎಚ್‌ಡಿ ಆಟ ಎಳೆಯುವ ಸ್ವಂತ ಕಂಪ್ಯೂಟರ್ ತರದಿದ್ದರೆ ಹೆಸರು ಕಟ್! ಮನೆಯ ಕಂಪ್ಯೂಟರಿನಲ್ಲೋ, ರೇಸಿನ ಕಾರು ಒಂದಡಿ ಓಡಿ ಮುಂದಿನ ಅಡಿಗೆ ಮುಹೂರ್ತ ನೋಡುತ್ತಿತ್ತು. ಪರದೆಗೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಹೊಸದು ಬೇಕಿತ್ತು.

"ಚಿಂತಿ ಮಾಡಬ್ಯಾಡ ಬೇಟಾ," ರೇವಣಪ್ಪ ಮೀಸೆ ನೇವರಿಸಿದರು. "ಮಾಲ್ ನೋಡೋ ಕಣ್ಣು ನಂದು. ಇಡೀ ನಾಶಿಕದಾಗ ಯಾರ ಮನ್ಯಾಗೂ ಇರಬಾರದು, ಅಂಥಾ ಕಾರ್ಡ್ ತರ್ತೀನಿ!"

"ನಾನೂ ಬರ್ತೀನಿ ಪಪ್ಪಾ. ಸೈಜ್, ಪವರ್ ಎಲ್ಲಾ ಸಗಳಂ ಚೆಕ್ ಮಾಡಬೇಕು ನಾ."

"ನೀ ಅಭ್ಯಾಸ ಮಾಡು. ಇದು ವ್ಯಾಪಾರ!"

ಅವರು ಸ್ಟವ್ ರಿಪೇರಿಯವನನ್ನು ಕೇಳಿದರು, ಚಹಾದವನನ್ನು ಕೇಳಿದರು, ಹಂಡೆ ಕೊಳ್ಳಲು ಚಾಂದವಡದಿಂದ ಬಂದ ಈರುಳ್ಳಿ ದಲಾಲನನ್ನೂ ಕೇಳಿದರು. ಬಿಟ್ಟದ್ದು ಮಗಳೊಬ್ಬಳನ್ನು! ಎಂಥ ನ್ಯಾಯ ನೋಡಿ: ಆಡುವವಳು ಆಕೆ, ಸಲಹೆಗಾರ ಈರುಳ್ಳಿ ದಲಾಲ!

ಕಂಪ್ಯೂಟರ್ ಅಂಗಡಿಯವನು ಮೂರು ಕಾರ್ಡ್ ಇಟ್ಟ. ರೇವಣಪ್ಪ ಚೀಲದಿಂದ ತಕ್ಕಡಿ ತೆಗೆದರು. ಒಂಬೈನೂರು ಗ್ರಾಂ ತೂಗಿದ, ಮೂರು ಫ್ಯಾನುಗಳ ಭೀಮಸೇನ ಗೆದ್ದ!

ಆದರೆ ಭೀಮಸೇನ ಸಿಪಿಯು ಡಬ್ಬಿಯಲ್ಲಿ ಹಿಡಿಸಲಿಲ್ಲ. ನಾಲ್ಕು ಬೆರಳು ಉದ್ದ ಹೆಚ್ಚು. ಪ್ರಿಯಾ ಕಾಲೇಜಿನಲ್ಲಿದ್ದಳು. ರೇವಣಪ್ಪ ತಗಡು ಕತ್ತರಿ ಕೈಗೆತ್ತಿಕೊಂಡರು.

"ಹುಡುಗಿ ಬರೋತನಕ ತಡೀರಿ," ಎಂದರು ಹೆಂಡತಿ ರುಕ್ಮಿಣಿಬಾಯಿ.

"ಹಂಡೇಕ್ಕೇ ತೂತು ಕೊರದಾಂವ ನಾ. ಇದ್ಯಾವ ದೊಡ್ಡದು!"

"ಹಂಡ್ಯಾಗ ಕರೆಂಟ್ ಇರಲ್ರೀ!"

ಡಬ್ಬಿಯ ಮುಂಭಾಗಕ್ಕೆ ಕಿಂಡಿ ಬಿತ್ತು. ಭೀಮಸೇನ ಅದರಿಂದ ಮೂತಿ ಹೊರಹಾಕಿ ಕುಳಿತ. ಸಿಕ್ಕ ವೈರುಗಳನ್ನೆಲ್ಲ ಸಿಕ್ಕಿಸಿ ರೇವಣಪ್ಪ ಸ್ವಿಚ್ ಒತ್ತಿದರು. ಮೂರು ಫ್ಯಾನೂ ಗಿರ್ರೆಂದವು. ಆಮೇಲೆ, ಫಟ್! ಭೀಮನ ಹಸಿವು ತಾಳದೆ ಹಳೆಯ ಪವರ್ ಸಪ್ಲೈ ಪ್ರಾಣ ಬಿಟ್ಟಿತು. ಮನೆಯ ಫ್ಯೂಸೂ ಹಾರಿತು. ಅಡುಗೆಮನೆಯ ಮಿಕ್ಸರಿನಲ್ಲಿ ಶೇಂಗಾ ಚಟ್ನಿ ಅರ್ಧಕ್ಕೇ ನಿಂತಿತು.

"ಆತಲ್ರೀ ವ್ಯಾಪಾರ?" ಒಳಗಿನಿಂದ ರುಕ್ಮಿಣಿಬಾಯಿಯ ದನಿ.

ಸಂಜೆ ಮನೆಗೆ ಬಂದ ಪ್ರಿಯಾ ಕೂಗಾಡಲಿಲ್ಲ. ಸುಟ್ಟ ಡಬ್ಬಿ ನೋಡಿ ಕಣ್ಣು ತುಂಬಿಕೊಂಡಳು. ಅಂದು ಶುಕ್ರವಾರ!

"ಎಲ್ಲಾರಿಗಿ ಕೇಳಿದ್ರಿ ಪಪ್ಪಾ. ನನಗ ಯಾಕ ಕೇಳಿಲ್ಲ?"

ರೇವಣಪ್ಪ ತಗಡು ಕತ್ತರಿಯನ್ನು ಮೆಲ್ಲಗೆ ಚೀಲದೊಳಗೆ ತುರುಕಿದರು.

ಶನಿವಾರ ಇಬ್ಬರೂ ಅಂಗಡಿಗೆ ಹೋದರು. ಕಾರ್ಡಿನ ಉದ್ದವೆಷ್ಟು, ಎಷ್ಟು ವ್ಯಾಟ್ ಬೇಕು, ಮೆಮೊರಿ ಯಾವ ಬಗೆಯದು, ಪ್ರಿಯಾ ಒಂದೊಂದೇ ಕೇಳಿದಳು. ಪ್ರಶ್ನೆ ಅವಳದು, ಅಂಗಡಿಯವನು ಉತ್ತರ ಹೇಳುತ್ತಿದ್ದುದು ಮಾತ್ರ ರೇವಣಪ್ಪನವರ ಮೀಸೆಗೆ! ಎರಡು ಸಲ ತಾಳಿದರು. ಮೂರನೆಯ ಸಲ ಗುಡುಗಿದರು:

"ಅರೆ, ಆಕಿ ಕಡಿ ನೋಡಿ ಹೇಳೋ! ನಂಗೇನು ತಿಳೀತದ?"

ಪುಣ್ಯಕ್ಕೆ ಸುಡದೆ ಉಳಿದಿದ್ದ ಆ ಭೀಮನನ್ನು ಪ್ರಿಯಾ ವಾಪಸು ಕೊಟ್ಟು, ಒಂದೇ ಫ್ಯಾನಿನ ಗಿಡ್ಡ ಕಾರ್ಡನ್ನೂ ಹೊಸ ಪವರ್ ಸಪ್ಲೈಯನ್ನೂ ಆರಿಸಿದಳು. ಮನೆಯಲ್ಲಿ ಸ್ಕ್ರೂ ಬಿಗಿದವಳೂ ಅವಳೇ.

"ಪಪ್ಪಾ, ಟಾರ್ಚ್ ಸರಿ ಹಿಡೀರಿ. ಅಲ್ಲಾಡಬ್ಯಾಡ್ರಿ."

"ಹ್ಞೂಂ ಬೇಟಾ."

ಪರದೆ ಬೆಳಗಿತು. ಕಾರು ಎಲ್ಲೂ ಮುಗ್ಗರಿಸದೆ ಹಾರಿತು. ರಸ್ತೆಯಂಚಿನ ಹುಲ್ಲು ಎಳೆಎಳೆಯಾಗಿ ಕಂಡಿತು. "ಏ, ಆ ಬಂಪರಿಗಿ ನಿಕ್ಕಲ್ ಪಾಲಿಶ್ ಅದ ನೋಡು!" ರೇವಣಪ್ಪ ಕುಣಿದರು.

ತಾವು ಕೊರೆದ ಕಿಂಡಿಗೆ ತಾಮ್ರದ ತಗಡು ಬಡಿದು ಮುಚ್ಚಿ, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡೇ ಅವರು ಭಾನುವಾರ ಮಗಳೊಡನೆ ಬಸ್ಸಿನಲ್ಲಿ ಸಂಭಾಜಿನಗರ ಮುಟ್ಟಿದರು. ಸ್ಪರ್ಧೆಯ ಬಾಗಿಲಲ್ಲಿದ್ದವನು ತಾಮ್ರ ನೋಡಿ ಬೆರಗಾದ.

"ಮಸ್ತ್ ಕಾಕಾ! ತುಮ್ಚಾ ಮುಲ್ಗಾ ಕುಠೆ? ಮಗ ಎಲ್ಲಿ? ಕಾರ್ಡ್ ಯಾವುದು?"

"ಮಗ ಅಲ್ರೀ, ಮಗಳು. ಆಡಾಕಿ ಆಕಿ, ಕಾರ್ಡ್ ಆರಿಸಿದಾಕಿನೂ ಆಕಿ. ಏನಿದ್ರೂ ಆಕಿಗಿ ಕೇಳ್ರಿ."

"ಮತ್ತ ನೀವು?"

"ನಾ ಹಮಾಲ!"

ನಗಬೇಡಿ. ನಿಮ್ಮ ಮನೆಯಲ್ಲೂ ಯಾರೂ ಕೇಳದೆ ಬಿಟ್ಟವಳು ಒಬ್ಬಳಿದ್ದಾಳೆ. ಪತ್ರಿಕೆ ಮಡಚಿಡಿ, ಎದ್ದು ಹೋಗಿ, ಮೊದಲು ಅವಳನ್ನು ಕೇಳಿ!