ಅರ್ಧ ಹಾಡು ನುಂಗಿದ ಅಡಾಪ್ಟರ್ ಮಹಾಶಯರಿಗೆ

ಶ್ರೀಮಾನ್ ವೈಫೈ ಅಡಾಪ್ಟರ್ ಮಹಾಶಯರು,
ಎರಡು ಕೋಡಿನವರು,
ಮುಕ್ಕಾಂ: ನಮ್ಮ ಅಡುಗೆಮನೆಯ ಗೋಡೆಗೂಡು, ಇಂಡಿ.

ಮಾನ್ಯರೇ,

ವಿಠ್ಠಲ ಝಳಕೀಕರನ ಅನೇಕ ನಮಸ್ಕಾರಗಳು. ಇತ್ತ ನಾವೆಲ್ಲ ಕ್ಷೇಮ. ತಮ್ಮ ನೀಲಿ ದೀಪ ಮಿನುಗುತ್ತಿರುವುದರಿಂದ ತಾವೂ ಕ್ಷೇಮವೆಂದೇ ತಿಳಿದಿದ್ದೇನೆ. ಐವತ್ತು ವರ್ಷ ಬೀಗರು-ಬಿಜ್ಜರಿಗೆ ಪತ್ರ ಬರೆದ ಕೈ ಇದು. ತಾವೂ ಈಗ ಮನೆಯವರೇ ಆದ್ದರಿಂದ, ನಾಲ್ಕು ಜನರ ಮುಂದೆ ದೂರುತ್ತಿದ್ದೇನೆಂದು ಸಿಟ್ಟಾಗಬಾರದು.

ತಮ್ಮನ್ನು ಆರಿಸಿದ ಬಗೆಯನ್ನು ಮೊದಲು ನೆನಪಿಸುತ್ತೇನೆ. ಗಾಳಿಯಲ್ಲಿ ಬರುವ ಇಂಟರ್ನೆಟ್ಟನ್ನು ಹಿಡಿಯುವ ವಿದ್ಯೆ ನಮ್ಮ ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರಿಗೆ ಹುಟ್ಟಿನಿಂದಲೇ ಇರಲಿಲ್ಲ. ರೌಟರ್ ಪಡಸಾಲೆಯಲ್ಲಿ, ಕಂಪ್ಯೂಟರ್ ಅಡುಗೆಮನೆಯಲ್ಲಿ, ನಡುವೆ ಒಂದೂವರೆ ಮೊಳ ದಪ್ಪದ ಕಲ್ಲಿನ ಗೋಡೆ. ಅಂಗಡಿಯ ಯಾಕೂಬಸಾಬರು ಗಾಜಿನ ಮೇಜಿನ ಮೇಲೆ ಮೂವರನ್ನು ಕೂರಿಸಿದರು: ಉಗುರಿನಷ್ಟು ಗಾತ್ರದ ಒಬ್ಬರು, ಕಂಪ್ಯೂಟರಿನ ಹೊಟ್ಟೆ ಬಿಚ್ಚಿ ಒಳಗೆ ಕೂರಿಸಬೇಕಾದ ಇನ್ನೊಬ್ಬರು, ಉದ್ದನೆಯ ವೈರಿನ ತುದಿಯಲ್ಲಿ ಎರಡು ಕೋಡು ಹೊತ್ತ ತಾವು. ಉಗುರಿನವರು ಕಂಪ್ಯೂಟರಿನ ತಗಡಿನ ಬೆನ್ನಿಗೆ ಅಂಟಿ ಕೂತರೆ ಏನೂ ಕೇಳಿಸದಂತೆ. ಹೊಟ್ಟೆಯವರ ಕೋಡುಗಳೂ ಅದೇ ಬೆನ್ನಿನ ಹಿಂದೆಯಂತೆ. ನಾನು ಎತ್ತಿನ ಸಂತೆಯ ರೂಢಿಯಂತೆ ತಮ್ಮ ಕೋಡು ಅಲುಗಿಸಿ, ಬೆನ್ನು ಸವರಿ, ಬಾಯಿ ಎಲ್ಲಿದೆಯೆಂದು ಹುಡುಕಿದೆ. “ಕಾಕಾ, ಹಲ್ಲ ಎಣಸಬ್ಯಾಡ್ರಿ, ಕೋಡಿಂದೇ ಒಯ್ರಿ. ನಿಮ್ಮ ಗ್ವಾಡಿಗೆ ಇದೇ ಸೈ. ಬಯಲಾಗ ಇಟ್ರ ಸಾಕು” ಎಂದರು ಯಾಕೂಬಸಾಬರು.

ಈ ಉಸಾಬರಿಯೆಲ್ಲ ನನಗಾಗಿ ಅಲ್ಲ. ನನ್ನ ಹೆಂಡತಿ ರಂಗೂಬಾಯಿಯ ತಂಗಿಯ ಮೊಮ್ಮಗಳು, ಮುದ್ದೇಬಿಹಾಳದ ಮಂಜರಿಯ ಮದುವೆ ಹತ್ತಿರ ಬಂದಿದೆ. ನಮ್ಮಲ್ಲಿ ಮದುವೆಯಲ್ಲಿ ಉರುಟಣೆಯೆಂದು ಒಂದು ಇದೆ. ಆಗ ಮದುಮಗಳು ಅರಿಷಿಣ ಹಚ್ಚುತ್ತಾ ಗಂಡನನ್ನೂ ಅತ್ತೆಯನ್ನೂ ಹಾಡಿನಲ್ಲಿ ಚೇಷ್ಟೆ ಮಾಡಬೇಕು. ಆ ಹಾಡುಗಳು ಯಾವ ಪುಸ್ತಕದಲ್ಲೂ ಇಲ್ಲ, ರಂಗೂಬಾಯಿಯ ಬಾಯಲ್ಲಿವೆ. ಮೊಣಕಾಲಿನ ನೋವಿನಿಂದ ಅವಳು ಪ್ರಯಾಣ ಮಾಡಲಾರಳು, ಫೋನಿನ ಸಣ್ಣ ಪರದೆಯಲ್ಲಿ ಹುಡುಗಿಯ ತುಟಿ ಅವಳಿಗೆ ಕಾಣದು. ಆದ್ದರಿಂದ ದೊಡ್ಡ ಪರದೆ, ಆದ್ದರಿಂದ ತಾವು.

ಹಾಡಿನ ಪಾಠ ಶುರುವಾದ ಸೋಮವಾರ ಮುಂಜಾನೆ ತಾವು ತೋರಿದ ಜಾಣತನವನ್ನು ಎಷ್ಟು ಹೊಗಳಿದರೂ ಕಡಿಮೆ. ಸಿಂದಗಿಯಿಂದ ಮದುಮಗನ ತಾಯಿ ವಸುಧಾಬಾಯಿಯವರು ಸೀರೆ ತೋರಿಸಲು ಬಂದವರು ಮಂಜರಿಯ ಮಗ್ಗುಲಲ್ಲೇ ಕೂತಿದ್ದರು. ಇತ್ತ ರಂಗೂಬಾಯಿ, “ಬೀಗತಿ ಮಾಡಿದ ಹೋಳಗಿ ಹರೀಲಿಕ್ಕೆ ಹತ್ತ ಮಂದಿ ಬೇಕ” ಎಂದು ಹಾಡಿದ್ದನ್ನು ತಾವು ಮುತ್ತು ಪೋಣಿಸಿದಂತೆ ಮುಟ್ಟಿಸಿ, “ಹರಿದುಂಡ ಹತ್ತೂ ಮಂದಿ ಇನ್ನೊಂದ ಬಡಸ್ರಿ ಅಂತಾರ” ಎಂಬ ಉಳಿದರ್ಧವನ್ನು ನುಂಗಿ ಕೂತಿರಿ. ಅಲ್ಲಿಯ ಪರದೆಯ ಮೇಲೆ ಬಾಯಿ ತೆರೆದ ರಂಗೂಬಾಯಿಯ ನಗುಮುಖ ಅಲುಗದೆ ನಿಂತಿತಂತೆ. “ಹಂಗಾದ್ರ ಮದುವಿ ಹೋಳಗಿ ನೀವೇ ಮಾಡ್ಕೋರಿ” ಎಂದು ವಸುಧಾಬಾಯಿಯವರು ಚಹಾ ಕುಡಿಯದೆ ಎದ್ದು ಹೋದರು. ಮೂರು ದಿನ ಸಿಂದಗಿಯವರು ಫೋನು ಎತ್ತಲಿಲ್ಲ. ಮಂಜರಿ ಅತ್ತಳು. ರಂಗೂಬಾಯಿ ಒಲೆಯ ಮುಂದೆ ಗುನುಗುವುದನ್ನೂ ಬಿಟ್ಟಳು.

ಗುರುವಾರ ಯಾಕೂಬಸಾಬರೇ ಮನೆಗೆ ಬಂದರು. ಬಂದು ನೋಡಿದರೆ, ಬಯಲಲ್ಲಿರಬೇಕಾದ ತಾವು ಗೋಡೆಗೂಡಿನಲ್ಲಿ, ಕವುಚಿದ ಹಿತ್ತಾಳೆ ಬೋಗುಣಿಯ ಕೆಳಗೆ! ದೇವರ ಹೆಸರಿನಿಂದ ಶುರುವಾಗುವ ಹಾಡು ಹಾದುಹೋಗುವ ದಾರಿ ಮೈಲಿಗೆಯಾಗಬಾರದೆಂದು, ರಂಗೂಬಾಯಿ ತಾನು ಮಡಿಯುಟ್ಟ ಮೇಲೆ ತಮ್ಮನ್ನೂ ಮಡಿನೀರಿನ ಕೊಡದಂತೆ ಯಾರ ಕೈಯೂ ತಾಗದ ಹಾಗೆ ಮುಚ್ಚಿಟ್ಟಿದ್ದಳು. “ಅಲ್ರಿ ಕಾಕು, ಮ್ಯಾಲೆ ಹಿತ್ತಾಳಿ ಮುಚ್ಚಿದ್ರ ಹಾಡ ಹ್ಯಾಂಗ ಹೊರಗ ಹೋಗತೈತಿ?” ಎಂದರು ಅವರು. “ಹಂಗಾರ ಅರ್ಧಾ ಹ್ಯಾಂಗ ಹೋತು?” ಎಂದಳು ಇವಳು. ಅವರು ಬೋಗುಣಿಯನ್ನು ಎತ್ತಿ ಪಕ್ಕಕ್ಕಿಟ್ಟರು. ಉತ್ತರ ತಮ್ಮಲ್ಲಿದ್ದರೆ ದಯವಿಟ್ಟು ತಿಳಿಸಬೇಕು.

ಬೋಗುಣಿ ಹೋಯಿತು, ಮಡಿ ಹೋಗಬಾರದಲ್ಲ. ರೇಷ್ಮೆಗೆ ಮೈಲಿಗೆಯಿಲ್ಲವೆಂದು ನಾನು ಪೂಜೆಗೆ ಉಡುವ ಮಗಟದ ಧೋತರವನ್ನೇ ಕತ್ತರಿಸಿ ತಮಗೆ ಹೊದಿಸಿದಳು. ಮದುವೆಯಲ್ಲಿ ಮಾವನವರು ಕೊಟ್ಟ ಮಗಟವದು. ನಲವತ್ತಾರು ವರ್ಷ ನನಗೊಪ್ಪಿದ್ದು ತಮಗೆ ಇನ್ನೂ ಚೆನ್ನಾಗಿ ಒಪ್ಪುತ್ತದೆ ಎಂದು ಬಂದವರೆಲ್ಲ ಹೇಳುತ್ತಾರೆ.

ಶುಕ್ರವಾರ ಮಂಜರಿ ಕಾಡಿಬೇಡಿ ವಸುಧಾಬಾಯಿಯವರನ್ನು ಕರೆಯೊಳಗೆ ಸೇರಿಸಿದಳು. ರಂಗೂಬಾಯಿ ಅದೇ ಹಾಡು ಹಾಡಿದಳು, ತಾವು ಎರಡೂ ಅರ್ಧಗಳನ್ನು ಮುಟ್ಟಿಸಿದಿರಿ. ಎಲ್ಲಿ ಮತ್ತೆ ನುಂಗಿದಿರೋ ಎಂದು ನಾನು ತಮ್ಮ ಕೋಡಿಗೆ ಕೈ ಹಾಕಿದ್ದೆ. ಆಗ ಅತ್ತಲಿಂದ ವಸುಧಾಬಾಯಿಯವರ ನಗು ಕೇಳಿತು. “ಹತ್ತಲ್ಲ ಮಾವಶಿ, ನೂರು ಮಂದಿ ಕರಕೊಂಡು ಬರ್ರಿ. ಹೋಳಗಿ ನಾನೇ ಮಾಡ್ತೀನಿ.”

ಇನ್ನು ನನ್ನ ಬಿನ್ನಹ. ಮುಂದೆ ಯಾವ ಹಾಡೇ ಆಗಲಿ, ಹೊಗಳಿಕೆಯ ಅರ್ಧವನ್ನು ಮೊದಲು ಕಳಿಸಿ, ಚೇಷ್ಟೆಯ ಅರ್ಧವನ್ನು ಊಟವಾದ ಮೇಲೆ ಕಳಿಸಬೇಕು. ಮದುವೆಗೆ ತಾವು ಎರಡೂ ಕೋಡುಗಳೊಂದಿಗೆ ಬರಬೇಕು. ಉಡಲು ಏನೆಂಬ ಚಿಂತೆ ನಮ್ಮಿಬ್ಬರಲ್ಲಿ ನನಗೊಬ್ಬನಿಗೇ.

ತಮ್ಮ ವಿಶ್ವಾಸಿ, ಸದ್ಯ ಮಗಟವಿಲ್ಲದ
ವಿಠ್ಠಲ ಝಳಕೀಕರ

ತಾ.ಕ.: ನಿನ್ನೆ ವಸುಧಾಬಾಯಿಯವರು ನನ್ನ ಮೇಲೂ ಒಂದು ಹಾಡು ಕಟ್ಟಿ ಹಾಡಿದರು: “ಕೋಡಿನ ಯಂತ್ರಕ್ಕ ಮಗಟಾ ಉಡಸ್ಯಾರ, ಕೋಡಿಲ್ಲದ ರಾಯರಿಗೆ ಟಾವೆಲ್ಲೇ ಸಾಕಂತ.” ಒಂದಕ್ಷರವೂ ಬೀಳದಂತೆ ಮುಟ್ಟಿಸಿದಿರಿ. ಹೊಗಳಿಕೆಯ ಉಳಿದರ್ಧಕ್ಕಾಗಿ ಪರದೆಯ ಮುಂದೆ ಬಹಳ ಹೊತ್ತು ಕೂತಿದ್ದೆ. “ಹಾಡ ಅಷ್ಟೇ ಅದ, ಏಳ್ರಿ” ಎನ್ನುತ್ತಾಳೆ ರಂಗೂಬಾಯಿ. ನಾನಂತೂ ಅದನ್ನು ತಾವೇ ನುಂಗಿದಿರೆಂದು ಓಣಿಯಲ್ಲೆಲ್ಲ ಹೇಳಿ ಬಂದಿದ್ದೇನೆ. ಯಾರಾದರೂ ಕೇಳಿದರೆ ಹೌದೆನ್ನಬೇಕು, ಮಗಟದ ಋಣಕ್ಕಾದರೂ.