ಕಾಲಿಗೆ ಬಂದ ಕ್ರಿಯಾಪದ

ಮಾಲೀಕರು ಹಿರಿಯ ದರ್ಜಿಯ ವಾರದ ರಜೆಯನ್ನು ಕಿತ್ತುಕೊಂಡು, ಅದರ ಬದಲಿಗೆ ಇಟಲಿ ಭಾಷೆಯ ಕ್ರಿಯಾಪದಗಳನ್ನು ಕೊಟ್ಟರು.

ಅಂಗಿ ಕೊಳ್ಳಲು ಇಟಲಿಯ ಗಿರಾಕಿ ಬರುವವನಿದ್ದ. ದರ್ಜಿಯ ಬಾಯಲ್ಲಿ ಅವನ ಭಾಷೆ ಕೇಳಿಸಿದರೆ ಕಾರ್ಖಾನೆಯ ಗತ್ತೇ ಬೇರೆ ಎಂದು ಯಾರೋ ಕಿವಿಯೂದಿದ್ದರು. ದರ್ಜಿಗೋ, ನಾಳೆ ಮಗಳ ಮನೆಗೆ ಹೋಗಿ, ಹುಟ್ಟಿದಾಗಿನಿಂದ ಕಾಣದ ಮೊಮ್ಮಗಳನ್ನು ಎತ್ತಿಕೊಳ್ಳುವ ಆಸೆ. ಗೋಗರೆದ ಮೇಲೆ ಮಾಲೀಕರು ಮೆತ್ತಗಾದರು: ಸಂಜೆ ಇಟಲಿ ಪಾಠಕ್ಕೆ ಗೊತ್ತುಮಾಡಿದ ಮೇಷ್ಟರ ಮುಂದೆ ಪದಗಳನ್ನು ಸರಿಯಾಗಿ ತುಂಡರಿಸಿ, ಸರಿಯಾದ ತುಂಡಿಗೆ ಒತ್ತು ಕೊಟ್ಟು ಹೇಳಿದರೆ ನಾಳಿನ ಪಾಠ ಮಾಫಿ.

ಬಟ್ಟೆ ತುಂಡರಿಸಿಯೇ ತಲೆ ನರೆತವನಿಗೆ ಪದ ಯಾವ ಲೆಕ್ಕ? ಆದರೆ ನಾಲಿಗೆ, ಎಣ್ಣೆ ಕಾಣದ ಹೊಲಿಗೆ ಯಂತ್ರದಂತೆ ಮೊದಲ ಪದಕ್ಕೇ ಕಚ್ಚಿಕೊಂಡಿತು.

ಗುಂಡಿ ಹಚ್ಚುವ ಅಕ್ಕ ಉಪಾಯ ಹೇಳಿದಳು. "ಬಾಯಿ ಬಿಟ್ಟಾಕಣ್ಣ, ಕಾಲಿಗೆ ಕಲಿಸು. ತುಂಡಿಗೊಂದು ತುಳಿತ, ಒತ್ತು ಬಂದಾಗ ಜೋರು ತುಳಿತ."

ಇಸ್ತ್ರಿಯವ ಸುಮ್ಮನಿದ್ದಾನೆಯೇ? ಮೇಷ್ಟರು ಕೊಟ್ಟಿದ್ದ ಹಾಳೆಯೊಳಗೆ ಇಣುಕಿದ. 'ನಾವು ಮಾತಾಡುತ್ತೇವೆ' ಎನ್ನಲು ಪರ್-ಲ್ಯಾ-ಮೊ, ಒತ್ತು ನಡುವಿಗೆ. 'ಅವರು ಮಾತಾಡುತ್ತಾರೆ' ಎನ್ನಲು ಪಾರ್-ಲ-ನೊ, ಒತ್ತು ತಲೆಗೆ.

"ಸುಲಭ ಕಣಣ್ಣ," ಎಂದ. "ಅವರು ಮಾತಾಡಿದ್ರೆ ನಮ್ಮ ತಲೆ ಮೇಲೆ ಬೀಳತ್ತೆ. ನಾವು ಮಾತಾಡಿದ್ರೆ ನಮ್ಮ ಸೊಂಟ ಮುರಿಯತ್ತೆ."

ದರ್ಜಿ ತುಳಿಯತೊಡಗಿದ. 'ಪಾರ್' ಎಂದಾಗ ಯಂತ್ರ ಬೆದರಿದ ಕುದುರೆಯಂತೆ ನೆಗೆಯಿತು, 'ಲ-ನೊ' ಎಂದಾಗ ಬಸವನಹುಳುವಾಯಿತು. ಒಂದು ತೋಳಿನ ಬಾಯಿ ಹೊಲಿದೇ ಹೋಯಿತು. ಒತ್ತು ಎಷ್ಟಿರಬೇಕೆಂದು ತೋರಿಸಹೋದ ಇಸ್ತ್ರಿಯವ ಪೆಟ್ಟಿಗೆಯನ್ನು ಮಾಲೀಕರದೇ ಅಂಗಿಯ ಬೆನ್ನಿಗೆ ಒತ್ತಿ ಹೊಗೆಯೆಬ್ಬಿಸಿದ. ಗುಂಡಿ ಅಕ್ಕ ಸುಟ್ಟ ಜಾಗಕ್ಕೆ ಜೇಬು ಹೊಲಿದಳು. ಬೆನ್ನಿಗೆ ಜೇಬಿರುವ ಅಂಗಿ ಹೊಸ ಮಾದರಿಯೆಂದು ಮೂವರೂ ಒಪ್ಪಿಕೊಂಡರು.

ಸಂಜೆ ಮಾಲೀಕರ ಕೋಣೆಯ ಮೆತ್ತನೆ ಕುರ್ಚಿಯಲ್ಲಿ ಕೂರಿಸಿದಾಗ ದರ್ಜಿಯ ಬಾಯಿಂದ ಪದವೇ ಹೊರಡಲಿಲ್ಲ. ಕಾಲು ಮಾತ್ರ ಗಾಳಿಯಲ್ಲಿ ತಡಕಾಡುತ್ತಿತ್ತು.

ಬಾಗಿಲಲ್ಲಿದ್ದ ಗುಂಡಿ ಅಕ್ಕ, "ಅವರನ್ನ ಮಿಷನ್ ಮುಂದೆ ಕೂರಿಸಿ ಸಾರ್," ಎಂದಳು.

ಕೂರಿಸಿದರು. ಪೆಡಲಿಗೆ ಕಾಲು ತಾಗಿದ್ದೇ ತಡ, ಕ್ರಿಯಾಪದಗಳು ಕಟ್ಟೆಯೊಡೆದವು. 'ಅವರು ಫೋನು ಮಾಡುತ್ತಾರೆ' ಎನ್ನುವ 'ತೆ-ಲೇ-ಫೊ-ನ-ನೊ' ಬಂತು. ಒತ್ತು ಕೂದಲೆಳೆಯಷ್ಟೂ ಜಾರಲಿಲ್ಲ. ಮೇಷ್ಟರು ಎದ್ದು ನಿಂತು ಕೈ ಮುಗಿದರು. ದರ್ಜಿ ಮನಸ್ಸಿನಲ್ಲೇ ಮೊಮ್ಮಗಳ ಕೆನ್ನೆ ಹಿಂಡುತ್ತಿದ್ದ.

"ಭೇಷ್," ಎಂದರು ಮಾಲೀಕರು. "ನಾಳೆ ಪಾಠ ಮಾಫಿ. ಕೆಲಸಕ್ಕೆ ಬಾ."

ರಜೆ ಅಂದಿದ್ದಿರಲ್ಲ ಎಂದು ದರ್ಜಿ ತೊದಲಿದ.

"ಪಾಠ ಮಾಫಿ ಅಂದೆ, ರಜೆ ಅಂದ್ನಾ? ಹೊಲೀತಾನೇ ಕಲೀತೀಯ ಅಂತ ಈಗ ತಾನೇ ಗೊತ್ತಾಯ್ತು. ಇನ್ಮೇಲೆ ವಾರವಾರವೂ ಎರಡೂ ಒಟ್ಟಿಗೇ ಆಗ್ಲಿ. ಎಲ್ಲಿ, ಈಗ್ಲೇ ಭೂತಕಾಲ ಶುರುಮಾಡು. ತುಳಿ."

ಇಸ್ತ್ರಿಯವ ಪೆಟ್ಟಿಗೆ ಕೆಳಗಿಟ್ಟ. ಗುಂಡಿ ಅಕ್ಕನ ಸೂಜಿ ನಿಂತಿತು. ದರ್ಜಿ ಎರಡೂ ಕಾಲನ್ನು ಪೆಡಲಿನಿಂದ ತೆಗೆದು, ಸ್ಟೂಲಿನ ಮೇಲೆ ಚಕ್ಕಂಬಕ್ಕಲ ಹಾಕಿ ಕೂತ.

"ತುಳಿಯಲ್ಲ," ಎಂದ.